ಒಂದಕ್ಷರದ ಉಳಿತಾಯ

ಉಳಿತಾಯ ಮಾಡುವುದಕ್ಕೆ ಮನುಷ್ಯನು ನಾನಾ ವಸ್ತುಗಳನ್ನು ಆರಿಸಿಕೊಂಡಿದ್ದಾನೆ. ಹಣವನ್ನು ಉಳಿಸುವವರುಂಟು. ಹಳೆಯ ಅಂಚೆಚೀಟಿಗಳನ್ನು ಕೂಡಿಡುವವರುಂಟು. ನಮ್ಮ ಅಮ್ಮಮ್ಮನ ಹಾಗೆ ಬರುವ ಮಳೆಗಾಲಕ್ಕೆಂದು ಹಪ್ಪಳವನ್ನೂ ಹಲಸಿನ ಬೀಜವನ್ನೂ ಜೋಪಾನ ಮಾಡುವವರೂ ಉಂಟು. ನಾನು ಉಳಿಸುವುದು ಅಕ್ಷರಗಳನ್ನು. ಗಣಕಯಂತ್ರಕ್ಕೆ ಬರೆದುಕೊಡುವ ಆಜ್ಞೆಗಳಲ್ಲಿ, ಕೆಲಸ ಕೆಡದಂತೆ, ಎಷ್ಟು ಅಕ್ಷರಗಳನ್ನು ಕಡಿಮೆ ಮಾಡಬಹುದು ಎಂದು ನೋಡುವುದೇ ಎರಡು ವರ್ಷಗಳಿಂದ ನನಗೆ ಹಿಡಿದಿರುವ ಹುಚ್ಚು. ಇದನ್ನು ಹವ್ಯಾಸವೆಂದು ಕರೆಯಲು ನನ್ನ ಸಹಪಾಠಿಗಳು ಒಪ್ಪುವುದಿಲ್ಲ. ಹವ್ಯಾಸವೆಂದರೆ ಕ್ರಿಕೆಟ್ಟು, ಯಕ್ಷಗಾನ, ಇಲ್ಲವೆ ಕಡೆಯ ಪಕ್ಷ ಸಿನಿಮಾ ಎಂದು ಅವರ ಅಭಿಪ್ರಾಯ.

ಪಶ್ಚಿಮದವರು ಈ ಆಟಕ್ಕೆ ‘ಕೋಡ್ ಗಾಲ್ಫ್’ ಎಂದು ಹೆಸರಿಟ್ಟಿದ್ದಾರೆ. 1990ರ ದಶಕದ ಕೊನೆಯ ವೇಳೆಗೆ ‘ಪರ್ಲ್’ ಎಂಬ ಗಣಕಭಾಷೆಯನ್ನು ಬಳಸುವವರ ನಡುವೆ ಆ ಹೆಸರು ಹಬ್ಬಿತು. ಗಾಲ್ಫ್ ಆಟದಲ್ಲಿ ಯಾರು ಅತಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಸೇರಿಸುತ್ತಾರೋ ಅವರು ಗೆದ್ದಂತೆ. ಇಲ್ಲಿ ಯಾರು ಅತಿ ಕಡಿಮೆ ಅಕ್ಷರಗಳಲ್ಲಿ ಸಮಸ್ಯೆಯನ್ನು ಬಿಡಿಸುತ್ತಾರೋ ಅವರು. ನಾನು ಗಾಲ್ಫ್ ಮೈದಾನವನ್ನು ಕಣ್ಣಿನಿಂದ ಕಂಡವನಲ್ಲ. ಅಮಾಸೆಬೈಲಿನಲ್ಲಿ ಹುಟ್ಟಿದವನಿಗೆ ಗುಡ್ಡೆ, ಬಯಲು, ಕಾಡು ಇವುಗಳನ್ನು ಬಿಟ್ಟರೆ ಚೆಂಡು ಉರುಳಿಸುವುದಕ್ಕೆ ಸಮತಟ್ಟಾದ ಜಾಗ ಸಿಕ್ಕುವುದೇ ಕಷ್ಟ. ಆದರೆ ಚೆನ್ನೆಮಣೆಯನ್ನು ನಾನು ಬಲ್ಲೆ. ಯಾವ ಕುಳಿಯಿಂದ ಕಾಯಿ ತೆಗೆದರೆ ಎಲ್ಲಿ ಮುಗಿಯುತ್ತದೆಂದು ಅಮ್ಮಮ್ಮ ಕೈಯಾಡಿಸುವ ಮೊದಲೇ ಕಣ್ಣಿನಲ್ಲಿ ಎಣಿಸಿ ಮುಗಿಸುತ್ತಿದ್ದಳು. ನನ್ನ ಆಟಕ್ಕೆ ಹತ್ತಿರದ ನೆಂಟಸ್ತಿಕೆ ಅದರದ್ದೇ ಎಂದು ನನಗೆ ತೋರುತ್ತದೆ.

ಬಾಯಿಮಾತಿನಲ್ಲಿ ಹೇಳಿದರೆ ಇದರ ರುಚಿ ತಿಳಿಯದು. ಒಂದು ಉದಾಹರಣೆಯನ್ನು ಬಿಡಿಸಿಯೇ ತೋರಿಸುತ್ತೇನೆ. ಗಣಿತವನ್ನು ಹತ್ತನೆಯ ತರಗತಿಯಲ್ಲಿಯೇ ಕೈಮುಗಿದು ಬೀಳ್ಕೊಟ್ಟ ನನ್ನ ಮಿತ್ರರು ಒಂದೆರಡು ನಿಮಿಷ ಸಹಿಸಿಕೊಳ್ಳಬೇಕು.

ಒಂದರಿಂದ ನೂರರವರೆಗೆ ಅಂಕಿಗಳನ್ನು ಬರೆಯಬೇಕು. ಮೂರರಿಂದ ಭಾಗವಾಗುವ ಅಂಕಿ ಬಂದಾಗ ಅದರ ಬದಲು ‘ಫಿಜ್’ ಎಂದೂ, ಐದರಿಂದ ಭಾಗವಾಗುವುದು ಬಂದಾಗ ‘ಬಜ್’ ಎಂದೂ, ಎರಡರಿಂದಲೂ ಭಾಗವಾಗುವುದು ಬಂದಾಗ ‘ಫಿಜ್‌ಬಜ್’ ಎಂದೂ ಬರೆಯಬೇಕು. ಇದು ಮೂಲತಃ ಇಂಗ್ಲಿಷ್ ಮಕ್ಕಳ ಎಣಿಕೆಯಾಟ. ‘ಪೈಥಾನ್’ ಎಂಬ ಭಾಷೆಯಲ್ಲಿ ಇದನ್ನು ಯಾರಾದರೂ ಶಾಂತವಾಗಿ, ಪಾಠದಲ್ಲಿ ಹೇಳಿಕೊಟ್ಟ ಹಾಗೆ ಬರೆದರೆ ಒಂಬತ್ತು ಸಾಲುಗಳಾಗುತ್ತವೆ. ಹದಿನೈದರಿಂದ ಭಾಗವಾಗುತ್ತದೆಯೋ? ಆದರೆ ಹೀಗೆ ಮಾಡು. ಇಲ್ಲವೋ? ಹಾಗಾದರೆ ಮೂರರಿಂದ ಆಗುತ್ತದೆಯೋ? ಹೀಗೆ ನ್ಯಾಯಾಲಯದ ಪಾಟೀಸವಾಲಿನಂತೆ ಸಾಗುತ್ತದೆ. ತೆರಪು, ಸಾಲು ಮುರಿದದ್ದು ಎಲ್ಲವನ್ನೂ ಒಂದೊಂದು ಅಕ್ಷರವೆಂದು ಎಣಿಸಿದರೆ ನನ್ನ ಲೆಕ್ಕಕ್ಕೆ 169 ಬಂತು. ಅದನ್ನು ಇಳಿಸುತ್ತ ಇಳಿಸುತ್ತ 59ಕ್ಕೆ ತರಬಹುದು.

ಹೇಗೆಂದರೆ, ಮೊದಲು ಪ್ರಶ್ನೆಗಳನ್ನೆಲ್ಲ ಓಡಿಸಬೇಕು. ಪೈಥಾನಿನಲ್ಲಿ ಒಂದು ಪದವನ್ನು ಸಂಖ್ಯೆಯಿಂದ ಗುಣಿಸಬಹುದು. ‘ಫಿಜ್’ ಎಂಬುದನ್ನು ಒಂದರಿಂದ ಗುಣಿಸಿದರೆ ‘ಫಿಜ್’, ಸೊನ್ನೆಯಿಂದ ಗುಣಿಸಿದರೆ ಬರಿದು. ಆದ್ದರಿಂದ ಮೂರರ ಮಗ್ಗಿಯ ಅಂಕಿ ಬಂದಾಗ ಒಂದನ್ನೂ ಉಳಿದಾಗ ಸೊನ್ನೆಯನ್ನೂ ಕೊಡುವ ಲೆಕ್ಕವೊಂದು ಸಿಕ್ಕಿದರೆ ಸಾಕು. ಯಂತ್ರ ಸ್ವಭಾವತಃ ಸೊನ್ನೆಯಿಂದ ಎಣಿಸುತ್ತದೆ. ಎಣಿಸಲಿ, ನಾವು ತಡೆಯುವುದು ಬೇಡ. ಅದು ಎಣಿಸಿದ್ದನ್ನು ಮೂರರಿಂದ ಭಾಗಿಸಿ ಎರಡು ಉಳಿದರೆ, ಅದರ ಮುಂದಿನ ಅಂಕಿ ಮೂರರ ಮಗ್ಗಿಯದು. ಆ ಶೇಷವನ್ನು ಎರಡರಿಂದ ಭಾಗಿಸಿ ಪೂರ್ಣಾಂಕವನ್ನಷ್ಟೇ ಇಟ್ಟುಕೊಂಡರೆ ಸೊನ್ನೆ ಸೊನ್ನೆಯಾಗಿ, ಒಂದೂ ಸೊನ್ನೆಯಾಗಿ, ಎರಡು ಮಾತ್ರ ಒಂದಾಗಿ ನಿಲ್ಲುತ್ತದೆ. ಐದಕ್ಕೂ ಇದೇ ಉಪಾಯ, ಅಲ್ಲಿ ಶೇಷ ನಾಲ್ಕು. ಎರಡು ಪದಗಳನ್ನೂ ಅಕ್ಕಪಕ್ಕ ಕೂಡಿಸಿಬಿಟ್ಟರೆ ಹದಿನೈದನ್ನು ಬೇರೆಯಾಗಿ ವಿಚಾರಿಸುವ ಅಗತ್ಯವೇ ಇಲ್ಲ, ‘ಫಿಜ್‌ಬಜ್’ ತಾನಾಗಿ ಒದಗುತ್ತದೆ. ಎರಡೂ ಬರಿದಾದರೆ ‘ಅಥವಾ’ ಎಂಬ ಪದವನ್ನು ಹಾಕಿ ಅಂಕಿಯನ್ನೇ ಬರೆಯೆಂದರಾಯಿತು.

ಇಷ್ಟಾದಾಗ 60 ಅಕ್ಷರ. ಇಲ್ಲಿಗೆ ನಾನು ಒಂದು ವಾರದಲ್ಲಿ ತಲುಪಿದೆ. ಆ ಮುಂದಿನ ಒಂದು ಅಕ್ಷರಕ್ಕೆ ಮೂರು ವಾರ ಹಿಡಿಯಿತು.

ಸಿಕ್ಕಿಕೊಂಡದ್ದು ಕೊನೆಯಲ್ಲಿ. ಯಂತ್ರದ ಎಣಿಕೆ ಸೊನ್ನೆಯಿಂದ ಆದ್ದರಿಂದ ಬರೆಯುವಾಗ ‘ಐ’ಗೆ ಒಂದು ಕೂಡಿಸಿ ಬರೆಯಬೇಕು. ಅದರ ಹಿಂದೆ ‘ಅಥವಾ’ ಎಂಬರ್ಥದ ‘ಆರ್’ ಇದೆ. ಈ ‘ಆರ್’ಗೂ ‘ಐ’ಗೂ ನಡುವೆ ತೆರಪು ಬಿಡದಿದ್ದರೆ ಯಂತ್ರ ಎರಡನ್ನೂ ಒಂದೇ ಪದವೆಂದು ಓದಿ ಕಕ್ಕಾಬಿಕ್ಕಿಯಾಗುತ್ತದೆ. ಈ ಒಂದು ತೆರಪನ್ನು ತೆಗೆಯುವುದು ಹೇಗೆ? ಕೀಲಿಮಣೆಯ ಮೂಲೆಯಲ್ಲಿ ‘ಟಿಲ್ಡೆ’ ಎಂಬ, ಕೇರೆಹಾವು ಬಳುಕಿದಂತಿರುವ ಒಂದು ಗುರುತಿದೆ. ಅದನ್ನು ಏಳರ ಹಿಂದೆ ಇಟ್ಟರೆ ಏಳು ಋಣ ಎಂಟಾಗುತ್ತದೆ. ಅದರ ಹಿಂದೆ ಇನ್ನೊಂದು ಋಣಚಿಹ್ನೆಯನ್ನಿಟ್ಟರೆ ಋಣಕ್ಕೆ ಋಣ ಸೇರಿ ಧನ ಎಂಟಾಗುತ್ತದೆ. ಅಂದರೆ ಏಳಕ್ಕೆ ಒಂದು ಕೂಡಿಸಿದಂತೆಯೇ ಆಯಿತು! ಅಕ್ಷರಗಳು ಮೊದಲಿನಷ್ಟೇ ಮೂರು. ಆದರೆ ಈಗ ‘ಆರ್’ ಆದ ಕೂಡಲೆ ಬರುವುದು ಚಿಹ್ನೆಯೇ ಹೊರತು ಅಕ್ಷರವಲ್ಲವಾದ್ದರಿಂದ ತೆರಪು ಬೇಕಾಗಿಲ್ಲ. 59! ಆಟಗಾರರಿಗೆಲ್ಲ ಇದು ಹಳೆಯ ಉಪಾಯ. ಆದರೂ ಯಾರನ್ನೂ ಕೇಳದೆ ಅದನ್ನು ಕಂಡುಕೊಂಡ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹೊರಗೆ ಆಷಾಢದ ಮಳೆ. ಮೊಬೈಲಿಗೆ ಸಂಪರ್ಕ ಹೋಗಿ ಎರಡು ದಿನವಾಗಿತ್ತು. ಸಂಪರ್ಕವಿಲ್ಲದೆಯೂ ಆಡಬಹುದಾದ ಆಟವೆಂಬುದು ನಮ್ಮಂಥ ಊರಿನವರಿಗೆ ಇದರ ದೊಡ್ಡ ಗುಣ. ಮನೆಯಲ್ಲಿ ಸೋಲಾರ್ ದೀಪವೊಂದು ಉರಿಯುತ್ತಿತ್ತು. ಊರಿಗೆ ಊರೇ ಆ ದೀಪ ಹಾಕಿಸಿಕೊಂಡಿತೆಂದು ನಮ್ಮ ಅಮಾಸೆಬೈಲು ಪತ್ರಿಕೆಗಳಲ್ಲಿ ಹೆಸರಾದದ್ದನ್ನು ಓದುಗರು ಬಲ್ಲರು.

ಒಂದಕ್ಷರಕ್ಕೆ ಇಷ್ಟು ಸಂಭ್ರಮವೇ ಎಂದು ನಗುವವರು ನಗಬಹುದು. ನನ್ನ ಪಕ್ಷದಲ್ಲಿ ಹಿರಿಯರಿದ್ದಾರೆ. ಅರ್ಧ ಮಾತ್ರೆ ಉಳಿಸಿದರೂ ವ್ಯಾಕರಣಕಾರನಿಗೆ ಗಂಡುಮಗು ಹುಟ್ಟಿದಷ್ಟು ಹಿಗ್ಗು ಎಂದು ಸಂಸ್ಕೃತ ಪಂಡಿತರಲ್ಲಿ ಒಂದು ಹಳೆಯ ಮಾತಿದೆ. ಪಾಣಿನಿಯು ಒಂದು ಭಾಷೆಯ ಇಡೀ ವ್ಯವಸ್ಥೆಯನ್ನು ಸುಮಾರು 4000 ಸೂತ್ರಗಳಲ್ಲಿ ಅಡಕ ಮಾಡಿದನು. ಮೊದಲಿಗೆ 14 ಸೂತ್ರಗಳಲ್ಲಿ ವರ್ಣಗಳನ್ನು ಒಂದು ವಿಚಿತ್ರ ಕ್ರಮದಲ್ಲಿ ಜೋಡಿಸಿ, ಆ ತರುವಾಯ ‘ಅಚ್’ ಎಂದರೆ ಎಲ್ಲ ಸ್ವರಗಳು, ‘ಹಲ್’ ಎಂದರೆ ಎಲ್ಲ ವ್ಯಂಜನಗಳು ಎಂದು ಒಂದೊಂದು ಚಿಟಿಕೆಯಲ್ಲಿ ಹೇಳಿ ಮುಗಿಸುತ್ತಾನೆ. ಒಂದು ಸೂತ್ರದಲ್ಲಿ ಹೇಳಿದ ಪದವನ್ನು ಮುಂದಿನದರಲ್ಲಿ ಮತ್ತೆ ಹೇಳದೆ ಅಲ್ಲಿಂದಲೇ ಎಳೆದುಕೊಳ್ಳುತ್ತಾನೆ. ಐಚ್ಛಿಕ ಕನ್ನಡದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಇದನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ನಾನೊಬ್ಬ ನೆಟ್ಟಗೆ ಕೂತದ್ದನ್ನು ಕಂಡು ಅವರಿಗೇ ಆಶ್ಚರ್ಯವಾಗಿರಬೇಕು.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತವನು ಪಾಣಿನಿಯಲ್ಲ, ನಮ್ಮ ಭಟ್ಟಾಕಳಂಕ. 1604ರಲ್ಲಿ ಅವನು ಬರೆದ ‘ಕರ್ಣಾಟಕ ಶಬ್ದಾನುಶಾಸನ’ವು ಕನ್ನಡ ಭಾಷೆಗೆ ಸಂಸ್ಕೃತದಲ್ಲಿ ಬರೆದ ವ್ಯಾಕರಣ. ಅದರಲ್ಲಿ 592 ಸೂತ್ರಗಳಿವೆ. ಅವುಗಳಿಗೆ ‘ಭಾಷಾಮಂಜರಿ’ ಎಂಬ ವೃತ್ತಿಯನ್ನು ಅವನೇ ಬರೆದನು. ಆ ವೃತ್ತಿಗೆ ‘ಮಂಜರೀಮಕರಂದ’ ಎಂಬ ವ್ಯಾಖ್ಯಾನವನ್ನೂ ಅವನೇ ಬರೆದನು. ಅಂದರೆ ಮೊದಲು ಮುಷ್ಟಿಯಲ್ಲಿ ಮುಚ್ಚಿದನು, ಆಮೇಲೆ ಒಂದೊಂದೇ ಬೆರಳನ್ನು ತಾನೇ ಬಿಚ್ಚಿ ತೋರಿಸಿದನು. ಮುಚ್ಚುವ ಶಕ್ತಿಯನ್ನು ನಾವು ಹೊಗಳುತ್ತೇವೆ. ಬಿಚ್ಚಿ ತೋರಿಸುವ ತಾಳ್ಮೆಯನ್ನು ಹೊಗಳುವವರು ವಿರಳ.

ಅಕ್ಷರದ ಲೆಕ್ಕವೆಂದಾಗ ಒಂದು ದುಃಖದ ಸಂಗತಿಯನ್ನು ಹೇಳಬೇಕು. ಈ ಆಟದಲ್ಲಿ ಕಟ್ಟುನಿಟ್ಟಿನವರು ಎಣಿಸುವುದು ‘ಬೈಟು’ಗಳನ್ನು. ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದು ಬೈಟು. ಈಗ ಎಲ್ಲೆಡೆ ಬಳಕೆಯಲ್ಲಿರುವ ಕ್ರಮದ ಪ್ರಕಾರ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಮೂರು ಬೈಟು, ಕೊಂಬು ಇಳಿಗಳಿಗೂ ಬೇರೆ ಮೂರು. ‘ಅಮಾಸೆಬೈಲು’ ಎಂದು ನಾವು ಐದು ಅಕ್ಷರ ಬರೆದರೆ ಯಂತ್ರ 27 ಬೈಟು ಎಂದು ಬರೆದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಹತ್ತರಲ್ಲಿ ಮುಗಿಯುತ್ತದೆ. ಸ್ವಂತ ಊರಿನ ಹೆಸರು ಸ್ವಂತ ಲಿಪಿಯಲ್ಲಿ ಇಷ್ಟು ದುಬಾರಿ! ಆದರೂ ನಮ್ಮ ಕಡೆಯ ಜನ ಯಂತ್ರ ಬರುವ ಎಷ್ಟೋ ಮೊದಲೇ ಈ ಆಟವನ್ನು ಆಡಿದವರು. ‘ಅಮಾವಾಸ್ಯೆ’ಗೆ 27 ಬೈಟು. ನಾವು ಅದನ್ನು ‘ಅಮಾಸೆ’ ಮಾಡಿ ಹದಿನೈದಕ್ಕೆ ಇಳಿಸಿದ್ದೇವೆ. ‘ಹೋಗಬೇಕು’ ಎಂಬುದರಲ್ಲಿ ನಾಲ್ಕು ಸಲ ಬಾಯಿ ತೆರೆಯಬೇಕು. ಕುಂದಾಪುರದ ಕಡೆಯವನು ‘ಹೋಯ್ಕ್’ ಎಂದು ಒಂದೇ ಉಸಿರಿನಲ್ಲಿ ಹೇಳಿ ಹೊರಟೇಬಿಟ್ಟಿರುತ್ತಾನೆ. ಯಂತ್ರ ಮಾತ್ರ ಇದನ್ನು ಮೆಚ್ಚುವುದಿಲ್ಲ. ಅರ್ಧಾಕ್ಷರದ ಗುರುತಿಗೂ ಅದು ಮೂರು ಬೈಟು ವಸೂಲು ಮಾಡುವುದರಿಂದ 21 ಹೋಗಿ 18 ಆಗುತ್ತದೆ, ಅಷ್ಟೆ. ನಾಲಗೆಯ ಲೆಕ್ಕ ಬೇರೆ, ಯಂತ್ರದ ಲೆಕ್ಕ ಬೇರೆ.

ನಮ್ಮ ಮನೆಯಲ್ಲಿ ಈ ಕಲೆಯಲ್ಲಿ ನನಗಿಂತ ಪಳಗಿದವರು ಅಪ್ಪಯ್ಯ. ಏಳನೆಯ ತರಗತಿಗೆ ಶಾಲೆ ಬಿಟ್ಟು, ನಮ್ಮ ಸೀಮೆಯ ಸಾವಿರಾರು ಮಂದಿಯಂತೆ ಬೆಂಗಳೂರಿನ ಹೋಟೆಲುಗಳಲ್ಲಿ ದುಡಿದವರು. ಮೊದಲು ಮೇಜು ಒರೆಸುವುದು, ಅನಂತರ ಸಪ್ಲೈಯರು. ಕಾಲಿನ ನರಗಳು ಊದಿಕೊಂಡು ನಿಲ್ಲಲಾಗದೆ ಹೋದ ವರ್ಷ ಊರಿಗೆ ಮರಳಿದರು. ಸಪ್ಲೈಯರು ಒಳಗೆ ಕೂಗುವ ಮಾತನ್ನು ಕೇಳಿದವರಿಗೆ ಗೊತ್ತು. ‘ಬೈ ಟೂ’ ಎಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚು ಎಂದು ಅರ್ಥ. ‘ಖಾಲಿ’ ಎಂದರೆ ಪಲ್ಯವಿಲ್ಲದ ದೋಸೆ. ‘ಡಿಪ್’ ಎಂದರೆ ಇಡ್ಲಿಯನ್ನೋ ವಡೆಯನ್ನೋ ಸಾಂಬಾರಿನಲ್ಲಿ ಮುಳುಗಿಸಿ ಕೊಡು. ನಾಲ್ಕು ಮೇಜುಗಳ ಬೇಡಿಕೆಯನ್ನು ಅವರು ಒಂದೇ ಉಸಿರಿನಲ್ಲಿ ಒಳಗೆ ಎಸೆದು ಮುಂದಿನ ಮೇಜಿಗೆ ನಡೆದಿರುತ್ತಿದ್ದರಂತೆ.

ಒಂದು ಸಂಜೆ ಅವರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಾಗ ನಾನು ನನ್ನ 59 ಅಕ್ಷರಗಳನ್ನು ತೋರಿಸಿ ವಿವರಿಸಿದೆ. ಸಾವಧಾನವಾಗಿ ಕೇಳಿದರು. ಕೇಳಿ, “ಒಳ್ಗಿನ್ ಭಟ್ರಿಗೆ ಗೊತ್ತಿದ್ರೆ ಅಲ್ದಾ ಮಾಣಿ ಸಣ್ಣ್ ಮಾತ್ ಸಾಕಾಪ್ದ್? ಹೊಸ್ ಭಟ್ರ್ ಬಂದ್ರೆ ಬಾಯ್ ಬಿಚ್ಚಿ ಪೂರಾ ಹೇಳ್ಕ್” ಎಂದರು.

ಈ ವಿದ್ಯೆಯ ಬಗ್ಗೆ ನಾನು ಎರಡು ವರ್ಷಗಳಲ್ಲಿ ಓದಿದ್ದಕ್ಕಿಂತ ಆ ಮಾತಿನಲ್ಲಿ ಹೆಚ್ಚು ತಿರುಳಿತ್ತು. ಮಾತು ಚಿಕ್ಕದಾಗುವುದು ಹೇಳುವವನ ಜಾಣತನದಿಂದ ಮಾತ್ರವಲ್ಲ, ಕೇಳುವವನು ಏನೇನನ್ನು ಆಗಲೇ ಬಲ್ಲನೋ ಅದರ ಬಲದಿಂದ. ಪೈಥಾನಿಗೆ ಗುಣಾಕಾರವೂ ‘ಅಥವಾ’ ಎಂಬುದೂ ಮೊದಲೇ ತಿಳಿದಿರುವುದರಿಂದಲೇ ನನಗೆ 59 ಸಾಕಾದದ್ದು. ಈ ಆಟಕ್ಕೆಂದೇ ಹುಟ್ಟಿದ ಭಾಷೆಗಳೂ ಇವೆ. 2007ರ ‘ಗಾಲ್ಫ್‌ಸ್ಕ್ರಿಪ್ಟ್’ ಅಂಥದೊಂದು, ಅದರಲ್ಲಿ ಒಂದೊಂದು ಚಿಹ್ನೆಯೂ ಒಂದು ಸಾಲಿನ ಕೆಲಸ ಮಾಡುತ್ತದೆ. ನನಗೆ ಅವು ಹಿಡಿಸುವುದಿಲ್ಲ. ಅಲ್ಲಿ ಉಳಿತಾಯವನ್ನೆಲ್ಲ ಭಾಷೆ ಮಾಡಿದವನೇ ಮುಗಿಸಿಟ್ಟಿರುತ್ತಾನೆ, ಆಡುವವನು ಬಡಿಸಿದ ಎಲೆಗೆ ಬಂದು ಕೂತಂತೆ.

ಹಿಂದೆ ಇದು ಆಟವಾಗಿರದೆ ಅಗತ್ಯವೇ ಆಗಿದ್ದ ಕಾಲವೂ ಇತ್ತು. ರಂಧ್ರ ಕೊರೆದ ಕಾರ್ಡಿನ 80 ಕಲಮುಗಳಲ್ಲಿ ಎಲ್ಲವನ್ನೂ ಹಿಡಿಸಬೇಕಾಗಿದ್ದಾಗ, ಯಂತ್ರದ ನೆನಪಿನ ಜಾಗಕ್ಕೆ ಚಿನ್ನದ ಬೆಲೆಯಿದ್ದಾಗ, ಇಸವಿಯ ಮೊದಲ ಎರಡು ಅಂಕಿಗಳನ್ನು ಬಿಟ್ಟು ಬರೆಯುವುದು ರೂಢಿಯಾಯಿತು. ‘65’ ಎಂದರೆ 1965 ಎಂದು ಎಲ್ಲರಿಗೂ ಗೊತ್ತಿತ್ತಷ್ಟೆ! ಅಪ್ಪಯ್ಯನ ಭಾಷೆಯಲ್ಲಿ ಹೇಳುವುದಾದರೆ, 2000ನೆಯ ಇಸವಿ ಎಂಬ ಹೊಸ ಭಟ್ಟರು ಬರುವರೆಂದು ಆಗ ಯಾರೂ ಚಿಂತಿಸಲಿಲ್ಲ. ಬಿಟ್ಟ ಎರಡು ಅಂಕಿಗಳನ್ನು ಮತ್ತೆ ತುಂಬಿಸುವುದಕ್ಕೆ 1990ರ ದಶಕದ ಕೊನೆಗೆ ಜಗತ್ತೆಲ್ಲ ಅಪಾರ ಹಣ ಸುರಿಯಬೇಕಾಯಿತು. ನಮ್ಮ ದೇಶದ ಎಷ್ಟೋ ಎಂಜಿನಿಯರುಗಳಿಗೆ ಅದರಿಂದಲೇ ಕೆಲಸ ಸಿಕ್ಕಿತೆಂಬುದು ಬೇರೆ ಮಾತು.

ಅತ್ಯಂತ ಚಿಕ್ಕ ಸಂದೇಶ ಯಾವುದೆಂದು ನನ್ನನ್ನು ಕೇಳಿದರೆ ಮಿಸ್ಡ್ ಕಾಲ್ ಎನ್ನುತ್ತೇನೆ. ಅಕ್ಷರ ಸೊನ್ನೆ, ಖರ್ಚು ಸೊನ್ನೆ. ನಾನು ಚಿಕ್ಕವನಾಗಿದ್ದಾಗ ಕರೆಯ ದರ ನಿಮಿಷ ನಿಮಿಷಕ್ಕೆ ಓಡುತ್ತಿತ್ತು. ರಜೆ ಮುಗಿಸಿ ಹೋದ ಅಪ್ಪಯ್ಯ ಬೆಂಗಳೂರು ತಲುಪಿದ ಬೆಳಿಗ್ಗೆ ಒಂದು ಸಲ ಬಡಿದು ನಿಲ್ಲಿಸುತ್ತಿದ್ದರು. ಎರಡು ಸಲವಾದರೆ ಹಣ ಹಾಕಿದ್ದೇನೆ ಎಂದು ಅರ್ಥ. ಅಮ್ಮ ಗುಡ್ಡೆಯ ಮೇಲಿನ ಗೇರುಮರದ ಬುಡದಲ್ಲಿ, ಸಂಪರ್ಕ ಸಿಕ್ಕುವ ಆ ಒಂದೇ ಜಾಗದಲ್ಲಿ, ಫೋನು ಹಿಡಿದು ಕಾಯುತ್ತಿದ್ದಳು. ಒಂದು ಬಡಿತ ಕೇಳಿದ ಮೇಲೆ ಇಳಿದು ಬಂದು ಗೇರುಬೀಜದ ಕಾರ್ಖಾನೆಗೆ ಹೊರಡುತ್ತಿದ್ದಳು. ಅಜ್ಜ ತೀರಿಕೊಂಡ ದಿನ ಅಮ್ಮ ಅದೇ ಮರದ ಬುಡದಿಂದ ಅಪ್ಪಯ್ಯನಿಗೆ ಕರೆ ಮಾಡಿದಳು. ಒಂದು ಬಡಿತ, ಎರಡು ಬಡಿತ. ಆ ಸಂಗತಿಗೆ ನಮ್ಮಲ್ಲಿ ಸಂಕೇತವಿರಲಿಲ್ಲ. ಅಪ್ಪಯ್ಯ ಫೋನು ಎತ್ತುವವರೆಗೂ ಬಡಿಯಲು ಬಿಟ್ಟಳು. ಎತ್ತಿದ ಮೇಲೆ ಬಹಳ ಹೊತ್ತು ಮಾತಾಡಿದಳು. ಅಷ್ಟು ಉದ್ದವಾಗಿ ಅವಳು ಫೋನಿನಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಬೆಳಗಿನ ಹಾಲಾಡಿ ದಾರಿಯ ಬಸ್ಸಿನಲ್ಲಿ ನಾನು ಕಿಟಕಿಗೆ ಒರಗಿ ಅಕ್ಷರ ಎಣಿಸುವ ಹೊತ್ತಿಗೆ ಅಮ್ಮ ಕಾರ್ಖಾನೆಯಲ್ಲಿ ಬೀಜ ಸುಲಿಯಲು ಕೂತಿರುತ್ತಾಳೆ. ಆದ್ದರಿಂದ ನನ್ನ ಬಿಡುವಿನ ವೇಳೆ ಪೂರ್ತಿ ನನ್ನದಲ್ಲ. “ಇದ್ರಿಂದ ದುಡ್ಡ್ ಹುಟ್ಟತ್ತಾ ಮಾಣಿ?” ಎಂದು ಅಪ್ಪಯ್ಯ ಕೇಳಿದಾಗ ನಾನು “ಇಲ್ಲೆ” ಎಂದೆ. ಇದಕ್ಕಿಂತ ಚಿಕ್ಕ ಉತ್ತರ ನನಗೆ ಹೊಳೆಯಲಿಲ್ಲ. ಸಾಫ್ಟ್‌ವೇರ್ ಕೆಲಸದ ಸಂದರ್ಶನಗಳಲ್ಲಿ ಈ ಫಿಜ್‌ಬಜ್ಜನ್ನೇ ಕೇಳುವುದುಂಟು. ಆದರೆ ಅಲ್ಲಿ ಬೇಕಾದದ್ದು ಒಂಬತ್ತು ಸಾಲಿನ ಉತ್ತರ, 59 ಅಕ್ಷರದ್ದಲ್ಲ. ಅದು ನ್ಯಾಯವೂ ಹೌದು. ಒಬ್ಬನು ಬರೆದದ್ದನ್ನು ಅವನು ಹೋದ ಮೇಲೆ ಇನ್ನೊಬ್ಬನು ಓದಿ ತಿದ್ದಬೇಕು. ಇನ್ನು ನಮ್ಮ ಪರೀಕ್ಷೆಗಳಂತೂ ಈ ಆಟದ ಕಡುವೈರಿಗಳು. ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟವಾದರೂ ತುಂಬಬೇಕೆಂಬ ಶಾಸ್ತ್ರ ನಮ್ಮ ವಿದ್ಯಾರ್ಥಿಲೋಕದಲ್ಲಿ ರೂಢವಾಗಿದೆ. ಎರಡು ವಾಕ್ಯದಲ್ಲಿ ಮುಗಿಯುವ ಕಾರಣವನ್ನು ಪೀಠಿಕೆ, ಹಿನ್ನೆಲೆ, ಉಪಸಂಹಾರಗಳೆಂದು ಹಿಗ್ಗಿಸುವಾಗಲೆಲ್ಲ ನನ್ನ ಕೈ ನಡುಗುತ್ತದೆ. ಅಧ್ಯಾಪಕ ಮಹಾಶಯರು ಈ ಸಾಲುಗಳನ್ನು ಓದಿ ಮರೆತುಬಿಡಬೇಕಾಗಿ ವಿನಂತಿ.

ಹಾಗಾದರೆ ಯಾಕೆ ಆಡುತ್ತೀ ಎಂದು ಕೇಳಿದರೆ, ಇದರಲ್ಲಿ ಬೇರೆಯವರ ಕೃಪೆಗೆ ಕಾಯಬೇಕಾಗಿಲ್ಲ ಎನ್ನುವುದು ನನಗೆ ದೊಡ್ಡದು. ಪೇಟೆಯ ದೊಡ್ಡ ಕಾಲೇಜಿನವನಿಗೂ ನನಗೂ 59 ಎಂದರೆ 59. ಇಂಗ್ಲಿಷ್ ಉಚ್ಚಾರಣೆ, ಅಂಗಿಯ ಇಸ್ತ್ರಿ, ತಂದೆಯ ಉದ್ಯೋಗ ಯಾವುದನ್ನೂ ಇಲ್ಲಿ ಯಾರೂ ಕೇಳುವುದಿಲ್ಲ. ಇನ್ನೊಂದು ಸೊಗಸೂ ಇದೆ. 1965ರಲ್ಲಿ ಆಂಡ್ರೇ ಕೊಲ್ಮೊಗೊರೊವ್ ಎಂಬ ರಷ್ಯದ ಗಣಿತಜ್ಞರು, ಒಂದು ಬರಹ ಎಷ್ಟು ಜಟಿಲವೆಂಬುದನ್ನು ಅದನ್ನು ಹೊರಡಿಸಬಲ್ಲ ಅತ್ಯಂತ ಚಿಕ್ಕ ಪ್ರೋಗ್ರಾಮಿನ ಉದ್ದದಿಂದ ಅಳೆಯಬಹುದೆಂದು ಪ್ರತಿಪಾದಿಸಿದರು. ಆದರೆ ಯಾವ ಬರಹವನ್ನು ಕೊಟ್ಟರೂ ಆ ಅತ್ಯಂತ ಚಿಕ್ಕ ಉದ್ದವನ್ನು ಲೆಕ್ಕ ಹಾಕಿ ಹೇಳಬಲ್ಲ ಒಂದು ವಿಧಾನ ಸಾಧ್ಯವೇ ಇಲ್ಲವೆಂಬುದೂ ಸಿದ್ಧವಾಗಿದೆ. ಯಾವ ಪಂಡಿತನೂ ಯಾವ ಯಂತ್ರವೂ ಎಲ್ಲ ಒಗಟುಗಳಿಗೂ ‘ಇನ್ನು ಸಾಕು, ಇದೇ ಕೊನೆ’ ಎಂದು ಮುದ್ರೆ ಒತ್ತಿಕೊಡಲಾರದು. ನನ್ನ 59ರ ಕೆಳಗೆ 58 ಅಡಗಿಲ್ಲವೆಂದು ನಾನು ಪ್ರಮಾಣ ಮಾಡಲಾರೆ. ರಾತ್ರಿ ಮಲಗಿದಾಗ ಒಮ್ಮೊಮ್ಮೆ ಅದನ್ನು ಹುಡುಕುತ್ತೇನೆ.

ಅಪ್ಪಯ್ಯನ ಮಾತಾದ ಮೇಲೆ ನಾನೊಂದು ನೋಟುಬುಕ್ಕು ಮಾಡಿದ್ದೇನೆ. ಎಡಪುಟದಲ್ಲಿ ಚಿಕ್ಕ ಪ್ರೋಗ್ರಾಮು. ಬಲಪುಟದಲ್ಲಿ, ಭಟ್ಟಾಕಳಂಕನಿಗೆ ಮನಸ್ಸಿನಲ್ಲೇ ನಮಸ್ಕರಿಸಿ, ಅದಕ್ಕೆ ಕನ್ನಡದಲ್ಲಿ ವೃತ್ತಿ: ಈ ಗುರುತು ಏಕೆ, ಈ ತೆರಪು ಎಲ್ಲಿ ಹೋಯಿತು, ಈ ಎರಡು ಏನು ಮಾಡುತ್ತದೆ. ಎಡಪುಟದಲ್ಲಿ ಒಂದು ಸಾಲಿದ್ದರೆ ಬಲಪುಟ ಸಾಲದೆ ಮುಂದಿನದಕ್ಕೂ ಹರಿಯುತ್ತದೆ. ಪಿಯುಸಿ ಓದುತ್ತಿರುವ ತಂಗಿ ನಾನಿಲ್ಲದ ವೇಳೆಯಲ್ಲಿ ಅದನ್ನು ತೆಗೆದು ಓದುತ್ತಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಹೋದ ತಿಂಗಳು ಅದರಲ್ಲೊಂದು ಪುಟ ಹೀಗಿತ್ತು. ಒಂದರಿಂದ ‘ಎನ್’ವರೆಗಿನ ಅಂಕಿಗಳ ಮೊತ್ತ. ಎನ್ನನ್ನು ಅದರ ಮುಂದಿನ ಅಂಕಿಯಿಂದ ಗುಣಿಸಿ ಎರಡರಿಂದ ಭಾಗಿಸುವುದು ಎಲ್ಲರಿಗೂ ತಿಳಿದ ಸೂತ್ರ. ಕೂಡಿಸುವುದನ್ನು ಗುಣಿಸುವುದಕ್ಕಿಂತ ಮೊದಲು ಮಾಡಿಸಬೇಕಾದ್ದರಿಂದ ಎರಡು ಕಂಸಗಳು ಬೇಕು, ಒಟ್ಟು ಹತ್ತು ಅಕ್ಷರ. ಮರುದಿನ ನೋಡುತ್ತೇನೆ, ಅದರ ಕೆಳಗೆ ಪೆನ್ಸಿಲಿನಲ್ಲಿ ಎಂಟು ಅಕ್ಷರ. ಫಿಜ್‌ಬಜ್ಜಿನ ಪುಟದಿಂದ ಆ ಋಣಚಿಹ್ನೆಯನ್ನೂ ಹಾವಿನ ಗುರುತನ್ನೂ ಎತ್ತಿ ತಂದು ಎನ್ನಿನ ಹಿಂದೆ ಕೂರಿಸಿ ಕಂಸಗಳೆರಡನ್ನೂ ಹಾರಿಸಿಬಿಟ್ಟಿದ್ದಾಳೆ. ಮೊಬೈಲಿನಲ್ಲಿ ಹಾಕಿ ನೋಡಿದೆ. ನೂರು ಕೊಟ್ಟರೆ 5050 ಎಂದು ಸರಿಯಾಗಿ ಉತ್ತರ ಬಂತು. ಅದರ ವೃತ್ತಿಯನ್ನು ಬಲಪುಟದಲ್ಲಿ ಅವಳೇ ಬರೆಯಬೇಕೆಂದು ಹೇಳಿ ಆ ಜಾಗವನ್ನು ಬಿಟ್ಟಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಬರೆಯುತ್ತಾಳಂತೆ.